ಕಲ್ಲಿಗಿಟ್ಟ ಕುಂಕುಮ

ಅಕ್ಕ ತೀರಿಕೊಂಡ ದಿನ ಹಿತ್ತಿಲ ಕೋಣೆಯ ರಾಗಿಕಲ್ಲಿನ ಮೇಲೆ ಯಾರೋ ಒಂದು ಗೋಣಿಚೀಲ ಹೊದಿಸಿದರು. ಬಂದ ನೆಂಟರು ಚೊಂಬು, ಟವೆಲು, ಮಕ್ಕಳ ಬಟ್ಟೆ ಎಲ್ಲವನ್ನೂ ಅದರ ಮೇಲೆಯೇ ಇಡುತ್ತಿದ್ದರು. ತಿಥಿ ಮುಗಿದು ಎಲ್ಲರೂ ಹೊರಟ ಮೇಲೆ ಸಾಮಾನು ಹೋಯಿತು, ಚೀಲ ಉಳಿಯಿತು. ನಾನೂ ತೆಗೆದಿಲ್ಲ. ದಿನವೂ ಅದರ ಪಕ್ಕದಲ್ಲೇ ಹಾದು ಹಿತ್ತಿಲಿಗೆ ಹೋಗುತ್ತೇನೆ, ಬರುತ್ತೇನೆ. ನಾನು ಓದಿದ್ದು ಊರ ಶಾಲೆಯ ನಾಲ್ಕನೇ ತರಗತಿಯವರೆಗೆ. ದೂರದಲ್ಲಿರುವ ಮಕ್ಕಳಿಗೆ ಕಾಗದ ಬರೆದದ್ದು ಬಿಟ್ಟರೆ ಬೇರೆ ಏನನ್ನೂ ಬರೆದವಳಲ್ಲ. ಆದರೂ ಅಕ್ಕನ ಬಗ್ಗೆ ಯಾರಾದರೂ ಬರೆಯಬೇಕು ಅನಿಸಿತು. ಅವಳ ಎದುರು ಕೂತು ಅಷ್ಟು ವರ್ಷ ಕಲ್ಲು ತಿರುಗಿಸಿದವಳು ನಾನೊಬ್ಬಳೇ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಮಳವಳ್ಳಿಗೂ ಮದ್ದೂರಿಗೂ ನಡುವೆ ಇರುವ ನಮ್ಮ ಊರಿಗೆ ನಾನು ಸೊಸೆಯಾಗಿ ಬಂದಾಗ ಅವಳಿಗೆ ಆಗಲೇ ಒಬ್ಬ ಮಗಳಿದ್ದಳು. ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ, ಇನ್ನೂ ಕೋಳಿ ಕೂಗುತ್ತಿರುವಾಗಲೇ, ಅವಳು ನನ್ನ ಭುಜ ಅಲುಗಿಸಿದಳು.

"ಏಳಮ್ಮಿ, ಕಲ್ಲು ಕಾಯ್ತಾ ಕುಂತದೆ."

ಕಣ್ಣು ಉಜ್ಜಿಕೊಳ್ಳುತ್ತಾ ಹೋದೆ. ಕಲ್ಲಿನ ಗೂಟಕ್ಕೆ ಅವಳ ಕೈ ಕೆಳಗೆ, ನನ್ನ ಕೈ ಮೇಲೆ. ಅವಳು ಎಡಗೈಯಲ್ಲಿ ಮೊರದಿಂದ ಹಿಡಿ ರಾಗಿ ತೆಗೆದು ಕಲ್ಲಿನ ಬಾಯಿಗೆ ಹಾಕಿದಳು. ಕಲ್ಲು ತಿರುಗಿತು. ಎರಡು ಸುತ್ತು ಬರುವಷ್ಟರಲ್ಲಿ ಅವಳು ಪದ ಎತ್ತಿದಳು. ನಾನು ಸುಮ್ಮನೆ ಕೇಳುತ್ತಾ ತಿರುಗಿಸುತ್ತಿದ್ದೆ. ಅವಳು ಕಲ್ಲು ನಿಲ್ಲಿಸಿ ನನ್ನ ಮುಖ ನೋಡಿದಳು.

"ಯಾಕಮ್ಮಿ, ನಿಮ್ಮವ್ವ ಬಾಯಿ ಕೊಡ್ದೆ ಬರೀ ಕೈ ಕೊಟ್ಟು ಕಳ್ಸವ್ಳಾ?"

ಅಂದಿನಿಂದ ಕಲಿತೆ. ಅವಳು ಸಾಲನ್ನು ಎತ್ತುತ್ತಾಳೆ. ಸಾಲು ಮುಗಿಯುವುದಕ್ಕೆ ಮೊದಲೇ, ಕಡೆಯ ಮಾತಿನ ಮೇಲೆ, ನಾನು ಬಂದು ಸೇರಬೇಕು. ಅವಳು ಉಸಿರು ಎಳೆದುಕೊಳ್ಳುವಾಗ ಪದ ನನ್ನ ಬಾಯಲ್ಲಿರಬೇಕು. ಅವಳು ಮತ್ತೆ ಎತ್ತುವಾಗ ನಾನು ಉಸಿರು ಎಳೆದುಕೊಳ್ಳಬೇಕು. ಹಾಗಾಗಿ ಪದ ಎಲ್ಲಿಯೂ ಕಡಿಯುವುದಿಲ್ಲ. ಇದಕ್ಕೆ ನಮ್ಮ ಕಡೆ ಸೊಲ್ಲು ಕೊಡುವುದು ಎನ್ನುತ್ತಾರೆ. ಎತ್ತುವವಳು ಅವಳು, ಸೊಲ್ಲು ಕೊಡುವವಳು ನಾನು. ಕೊನೆಯವರೆಗೂ ಅದು ಬದಲಾಗಲಿಲ್ಲ.

ಕಲ್ಲಿಗೂ ಒಂದು ನಿಯಮವಿತ್ತು. ಬರಿಯ ಕಲ್ಲು ತಿರುಗಿಸಬಾರದು. ಮೊರದಲ್ಲಿ ರಾಗಿ ಇರುವಾಗ ಪದವನ್ನು ನಿಲ್ಲಿಸಬಾರದು. ರಾಗಿ ಮುಗಿದಾಗ ಪದವೂ ಮುಗಿಯಬೇಕು. ಅದಕ್ಕೆ ಅಕ್ಕ ಪದವನ್ನು ಹಿಗ್ಗಿಸುತ್ತಿದ್ದಳು, ಇಲ್ಲವೇ ಕುಗ್ಗಿಸುತ್ತಿದ್ದಳು. ಮೊರದ ಕಡೆ ಒಂದು ಸಲ ಕಣ್ಣು ಹಾಯಿಸಿ, ತವರಿನ ದಾರಿಯಲ್ಲಿ ಇನ್ನೊಂದು ಮರ, ಇನ್ನೊಂದು ಬಾವಿ, ಇನ್ನೊಬ್ಬ ಬಳೆಗಾರ ಎಂದು ಸೇರಿಸಿಕೊಂಡು ಹೋಗುತ್ತಿದ್ದಳು. ಕಡೆಯ ಹಿಡಿ ರಾಗಿ ಕಲ್ಲಿನ ಬಾಯಿಗೆ ಬಿದ್ದಾಗ ಪದದ ಹೆಣ್ಣು ಸರಿಯಾಗಿ ತವರಿನ ಬಾಗಿಲಿಗೆ ಬಂದಿರುತ್ತಿದ್ದಳು. ಅದನ್ನು ಹೇಗೆ ಮಾಡುತ್ತಿದ್ದಳೋ ನನಗೆ ಇಂದಿಗೂ ತಿಳಿಯದು.

ಅವಳ ದನಿ ಇಂಪಾಗಿತ್ತು ಎಂದರೆ ಸಾಲದು. ಇಂಪಾದ ದನಿಯವರು ಊರಲ್ಲಿ ಬೇರೆಯವರೂ ಇದ್ದರು. ಅಕ್ಕನದು ಸ್ವಲ್ಪ ಒರಟು, ತಳದಲ್ಲಿ ಕಲ್ಲಿನ ಸದ್ದೇ ಬೆರೆತ ಹಾಗೆ. ಆದರೆ ಅದು ಎಷ್ಟು ದೂರ ಹೋಗುತ್ತಿತ್ತೆಂದರೆ, ಕೆರೆ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವವರು ನಿಂತು ಕೇಳುತ್ತಿದ್ದರು. ಮದುವೆಗಳಲ್ಲಿ ಅವಳೇ ಸೋಬಾನೆ ಎತ್ತಬೇಕು. ಹಸೆಯ ಮೇಲೆ ಮದುಮಗಳನ್ನು ಕೂರಿಸಿದರೆ ಮೊದಲ ಪದ ಅವಳದು. ಕಿರುಗಾವಲಿನ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದು ಕರೆದುಕೊಂಡು ಹೋಗುತ್ತಿದ್ದರು. ಅವಳ ಜೊತೆಗೆ ನಾನು. ನನ್ನನ್ನು ಯಾರೂ ಬೇರೆಯಾಗಿ ಕರೆಯುತ್ತಿರಲಿಲ್ಲ, ಕರೆಯಬೇಕೆಂದು ನನಗೂ ಅನಿಸಿರಲಿಲ್ಲ. ಹೂವಿನ ಜೊತೆ ನಾರು ಹೋದಂತೆ ಹೋಗುತ್ತಿದ್ದೆ.

ಆಮೇಲೆ ಭಾವ ತೀರಿಕೊಂಡರು. ನಾಲೆ ಬಯಲಿನಲ್ಲಿ ಗದ್ದೆ ಮಾಡಲು ಹೋಗಿದ್ದವರು ಅಲ್ಲಿನ ಚಳಿಜ್ವರ ಹತ್ತಿಸಿಕೊಂಡು ಬಂದರು. ಮಳವಳ್ಳಿಯ ಆಸ್ಪತ್ರೆಯಿಂದ ಗಾಡಿಯಲ್ಲಿ ಕರೆದುಕೊಂಡು ಬರುವಾಗ ದಾರಿಯಲ್ಲೇ ಪ್ರಾಣ ಹೋಯಿತು. ಅಕ್ಕನ ಹಣೆ, ಕೈ ಬರಿದಾಯಿತು. ಅದರ ಜೊತೆಗೆ ಬಾಯಿಯೂ. ಹಸೆಯ ಮುಂದೆ ಮುತ್ತೈದೆಯರೇ ಹಾಡಬೇಕು. ಇದನ್ನು ಅವಳಿಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಮುಂದಿನ ಮದುವೆಗೆ ಗಾಡಿ ಬರಲಿಲ್ಲ, ಅಷ್ಟೇ. ಊರಿನ ಮದುವೆಗಳಲ್ಲಿ ಅವಳು ಹಿಂದುಗಡೆ ಒಲೆಗಳ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದಳು. ಚಪ್ಪರದಲ್ಲಿ ಯಾರಾದರೂ ಪದದ ದಾರಿ ತಪ್ಪಿದರೆ ಅವಳ ಕೈ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಸೊಪ್ಪು ಬಿಡಿಸುವುದು.

ಮನೆಯ ಕಲ್ಲಿನ ಮುಂದೆ ಮಾತ್ರ ಹಾಡುತ್ತಿದ್ದಳು. ಕಲ್ಲು ಯಾರ ಹಣೆಯನ್ನೂ ನೋಡುವುದಿಲ್ಲ.

ಹೀಗಿರುವಾಗ ಅವಳ ಮಗಳಿಗೆ ಗಂಡು ಗೊತ್ತಾಯಿತು. ಕಿರುಗಾವಲಿನ ಆಚೆಯ ಊರು, ಒಳ್ಳೆಯ ಬೇಸಾಯದ ಮನೆ. ವೀಳ್ಯಶಾಸ್ತ್ರ ಮುಗಿದ ಮಾರನೆಯ ಬೆಳಿಗ್ಗೆ ಕಲ್ಲಿನ ಮುಂದೆ ಕೂತಾಗ ಅವಳು ಪದ ಎತ್ತಲಿಲ್ಲ. ಬರೀ ಕಲ್ಲಿನ ಸದ್ದು.

"ಯಾಕಕ್ಕ?" ಎಂದೆ.

"ಊರಲ್ಲಿ ಕಂಡೋರ ಮಕ್ಳಿಗೆಲ್ಲ ಸೋಬಾನೆ ಯೋಳಿದ್ನಲ್ಲ ಕಣಮ್ಮಿ," ಅಂದಳು. "ಆ ಮೂಗು ಸುರ್ಕ ಮುಂಡೇವು ಎಲ್ಲದಕ್ಕೂ ಯೋಳಿದ್ದೀನಿ. ನನ್ ಮಗಳು ಅಸೆ ಮ್ಯಾಲೆ ಕುಂತಾಗ ನಾನು ಒಲೆ ತಾವ ಕುಂತ್ಕೊಂಡು ಅನ್ನ ಬಸಿಬೇಕು."

ಅಷ್ಟು ಹೇಳಿ ಮತ್ತೊಂದು ಹಿಡಿ ರಾಗಿ ಹಾಕಿದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಆ ಬೆಳಗಿನ ಹಿಟ್ಟು ಮಾತ್ರ ತರಿತರಿಯಾಗಿತ್ತು.

ಅದೇ ದಿನಗಳಲ್ಲಿ ಮಳವಳ್ಳಿಯ ಒಬ್ಬ ಮೇಷ್ಟ್ರು ನಮ್ಮ ಮನೆಗೆ ಬಂದರು. ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಹಳೆಯ ಪದಗಳನ್ನು ಕೇಳುವ ಹುಚ್ಚು ಅವರಿಗೆ. ಮಂಡ್ಯ ಆಗ ಹೊಸದಾಗಿ ಜಿಲ್ಲೆಯ ಊರಾಗಿತ್ತು. ಅಲ್ಲಿ ದನ ಮತ್ತು ಬೆಳೆಗಳ ಪ್ರದರ್ಶನ ನಡೆಯುತ್ತದೆ, ಅದರ ಜೊತೆಗೆ ಹಳ್ಳಿ ಪದಗಳ ಮೇಳವನ್ನೂ ಇಟ್ಟಿದ್ದಾರೆ, ಹಳೆಯ ಪದಗಳನ್ನು ಉಳಿಸಿಕೊಂಡು ಬಂದವರಿಗೆ ಸಭೆಯಲ್ಲಿ ಮರ್ಯಾದೆ ಮಾಡುತ್ತಾರೆ, ನಮ್ಮಿಬ್ಬರನ್ನೂ ಕಳಿಸಿಕೊಡಬೇಕು ಎಂದು ನಮ್ಮ ಮಾವನವರನ್ನು ಕೇಳಿದರು.

ಮಾವ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಏನ್ ಮೇಷ್ಟ್ರೇ, ರಾಗಿ ಬೀಸೋದ ನೋಡಾಕೆ ಮಂಡ್ಯದವ್ರಿಗೆ ಅಷ್ಟೊಂದು ಆಸೆನಾ? ಅವ್ರ ಮನೇಲಿ ರಾಗಿ ಬೀಸಾಕಿಲ್ವಾ?"

"ಬೀಸ್ತಾರೆ ಗೌಡ್ರೇ. ನಿಮ್ಮ ಸೊಸೆ ಹಾಗೆ ಹಾಡೋದಿಲ್ಲ."

ಮಾವ ಹಗ್ಗವನ್ನು ಕಾಲ್ಬೆರಳಿಗೆ ಸಿಕ್ಕಿಸಿ ಬಿಗಿದರು. "ಗಂಡ ಸತ್ತೋಳ್ನ ನಾಕ್ ಜನದ ಮುಂದೆ ನಿಲ್ಸುದ್ರೆ ಊರೋರು ನನ್ನ ಮಕಕ್ಕೆ ಉಗೀತಾರೆ."

ಬಾಗಿಲ ಒಳಗೆ ನಾವಿಬ್ಬರೂ ನಿಂತಿದ್ದೆವು. ಅಕ್ಕ ಅಲ್ಲಿಂದಲೇ ಹೇಳಿದಳು: "ಮಾವ, ಮಂಡ್ಯದಲ್ಲಿ ಅಸೆ ಇರಾಕಿಲ್ಲ. ಮದ್ವೆಣ್ಣೂ ಇರಾಕಿಲ್ಲ. ನಾನು ಯಾರಿಗೆ ಕೆಟ್ಟದ್ ಮಾಡ್ದಂಗಾಯ್ತದೆ?"

ಮಾವ ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟರು. ಅವರು ಒರಟರು, ಆದರೆ ಸತ್ತ ಮಗನ ಹೆಂಡತಿ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. "ನಾನೂ ಬತ್ತೀನಿ ಬುಡು," ಅಂದರು. "ದನ ನೋಡ್ದಂಗೂ ಆಯ್ತದೆ."

ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿಸುತ್ತಿದ್ದರು. ಅಂಥ ಒಂದು ಬಸ್ಸಿನಲ್ಲಿ ಮದ್ದೂರಿಗೆ ಹೋದೆವು. ಏರು ಬಂದಾಗ ಬಸ್ಸು ಉಬ್ಬಸ ಬಂದವರಂತೆ ನಿಲ್ಲುತ್ತಿತ್ತು. ಗಂಡಸರು ಇಳಿದು ತಳ್ಳುತ್ತಿದ್ದರು. ಮಾವನೂ ತಳ್ಳಿದರು. "ಟಿಕೇಟ್ ಕೊಟ್ಟು ಬಸ್ಸ ಒತ್ಕೊಂಡು ಬಂದಂಗಾಯ್ತು," ಎಂದು ಮದ್ದೂರಿನವರೆಗೂ ಗೊಣಗಿದರು. ಮದ್ದೂರಿನಿಂದ ರೈಲು. ನಾವಿಬ್ಬರೂ ರೈಲು ಹತ್ತಿದ್ದು ಅದೇ ಮೊದಲು. ಅಕ್ಕ ಕಿಟಕಿಯ ಪಕ್ಕ ಕೂತು ಚಕ್ರದ ಸದ್ದು ಕೇಳುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಿವಿಗೆ ಬಗ್ಗಿ, "ಇದೂ ಕಲ್ಲಂಗೇ ಕಣಮ್ಮಿ, ಇದುಕ್ಕೂ ಪದ ಕೂರ್ತದೆ," ಅಂದಳು. ಮಂಡ್ಯ ಬರುವವರೆಗೂ ಗುನುಗಿಕೊಳ್ಳುತ್ತಿದ್ದಳು. ಭಾವ ಹೋದ ಮೇಲೆ ಮನೆಯ ಹೊರಗೆ ಅವಳ ದನಿ ಕೇಳಿದ್ದು ಅಂದೇ.

ಮಂಡ್ಯದ ಬಯಲಿನಲ್ಲಿ ದೊಡ್ಡ ಚಪ್ಪರ. ಒಂದು ಕಡೆ ದನಗಳ ಸಾಲು, ಇನ್ನೊಂದು ಕಡೆ ಬೆಳೆಗಳು, ನೇಗಿಲು, ಕೂರಿಗೆ, ಹೊಸ ಕಬ್ಬಿಣದ ಗಾಣ. ನಡುವೆ ಹಲಗೆ ಹಾಸಿದ ವೇದಿಕೆ. ಗಾಳಿ ತಿರುಗಿದಾಗ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಬರುತ್ತಿತ್ತು. ನಮಗಿಂತ ಮೊದಲು ತಂಬೂರಿಯವರ ಮೇಳ ಹಾಡಿತು. ಮುಂದೆ ಒಬ್ಬ ಮುದುಕರು, ಹೆಗಲಿಗೆ ತಂಬೂರಿ ಆನಿಸಿಕೊಂಡು, ಬೆರಳಿಗೆ ಗಗ್ಗರ ಸಿಕ್ಕಿಸಿಕೊಂಡು ಕೂತಿದ್ದರು. ಹಿಂದೆ ದಮ್ಮಡಿ, ತಾಳ ಹಿಡಿದವರು. ಮುದುಕರ ಹಲ್ಲು ಹೋಗಿತ್ತು, ಮೈಯಲ್ಲಿ ಮಾಂಸವಿರಲಿಲ್ಲ. ಆದರೆ ತಂತಿ ಮೀಟಿ ಬಾಯಿ ತೆರೆದ ಕೂಡಲೇ ಇಡೀ ಬಯಲು ಸದ್ದಡಗಿತು. ಕಥೆಯಲ್ಲಿ ಬರುವ ರಾಜ, ರಾಣಿ, ಜೋಗಿ ಎಲ್ಲರೂ ಅವರೊಬ್ಬರೇ. ಮುಖ ತಿರುಗಿಸಿದರೆ ರಾಜ, ಕತ್ತು ಬಗ್ಗಿಸಿದರೆ ರಾಣಿ. ಹಿಂದಿನವರು ಸೊಲ್ಲು ಕೊಡುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮುದುಕರ ಹೆಗಲು ಅಲುಗಿದರೆ ಸಾಕು, ಅವರಿಗೆ ತಿಳಿಯುತ್ತಿತ್ತು. ದನಗಳ ನಡುವೆ ಇದ್ದ ಮಾವ ಬಂದು ನೆಲದ ಮೇಲೆ ಕೂತುಬಿಟ್ಟರು.

"ಇಂಥೋರ ಮುಂದೆ ನಾವೇನ್ ಯೋಳಾದಕ್ಕ?" ಎಂದೆ.

"ಅವ್ರು ಯೋಳೋದ ಅವ್ರು ಯೋಳವ್ರೆ. ನಮ್ದು ನಾವು ಯೋಳದು," ಅಂದಳು. ಆದರೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ನಮ್ಮ ಸರದಿ ಬಂತು. ವೇದಿಕೆ ಹತ್ತಿದ ಅಕ್ಕ ಅಲ್ಲೇ ನಿಂತುಬಿಟ್ಟಳು. ಹಲಗೆಯ ಮೇಲೆ ಸೊಗಸಾಗಿ ಹಸೆ ಬರೆದು, ಎರಡು ಮಣೆ ಹಾಕಿ, ಕಳಸ ಇಟ್ಟಿದ್ದರು. ಹೆಂಗಸರು ಹಾಡುತ್ತಾರೆ ಎಂದರೆ ಸೋಬಾನೆಯೇ ಎಂದು ಯಾರೋ ಅಂದುಕೊಂಡು, ನೋಡಲು ಚೆನ್ನಾಗಿರಲಿ ಎಂದು ಮಾಡಿಸಿದ್ದರು. ಮಣೆಗಳ ಮೇಲೆ ಮಾತ್ರ ಯಾರೂ ಇಲ್ಲ. ಮುಂದೆ ಕೂತಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು. ಒಬ್ಬಳು ಜೋರಾಗಿಯೇ ಅಂದಳು: "ಅಯ್ಯೋ, ಯಾರ್ಗೂ ಇಲ್ದ ಅಸೆ! ಅದ್ರ ಮುಂದೆ ಬರಿ ಅಣೆಯೋಳು ಬೇರೆ!"

ಮೇಷ್ಟ್ರ ಮುಖ ಸಣ್ಣದಾಯಿತು. "ಏನಾಯ್ತಮ್ಮ?" ಎಂದು ಹತ್ತಿರ ಬಂದರು.

"ಮೇಷ್ಟ್ರೇ, ಇದರ ಮುಂದೆ ನಾನು ಬಾಯಿ ಬುಡಾಕಿಲ್ಲ," ಅಂದಳು ಅಕ್ಕ. "ಇದ ತಗ್ಸಿ. ನಂಗೊಂದು ರಾಗಿಕಲ್ಲು ಕೊಡಿಸಿ."

"ಕಲ್ಲೆಲ್ಲಿ ತರೋದಮ್ಮ ಈಗ?"

"ಅಗೋ, ಅಲ್ಲೈತಲ್ಲ," ಎಂದು ಬೇಸಾಯದ ಸಾಮಾನಿನ ಕಡೆ ಕೈ ತೋರಿಸಿದಳು. ನೇಗಿಲುಗಳ ಪಕ್ಕದಲ್ಲಿ, ಮೇಲೆ ಚೀಟಿ ಅಂಟಿಸಿದ ಹೊಸ ರಾಗಿಕಲ್ಲು ಇತ್ತು. ಒಳಗೆ ಬರುವಾಗಲೇ ಅವಳು ಅದನ್ನು ನೋಡಿಕೊಂಡಿದ್ದಳು. ಗಂಡಸರು ಹೊತ್ತು ತಂದರು. ಹಲಗೆ ಕಿರುಗುಟ್ಟಿತು. ಜನ ನಕ್ಕರು. ಹಸೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಣೆ ತೆಗೆದು, ಆ ಜಾಗದಲ್ಲಿ ಕಲ್ಲು ಇಟ್ಟರು. ನಾವು ಎದುರುಬದುರು ಕೂತೆವು. ಗೂಟಕ್ಕೆ ಅವಳ ಕೈ ಕೆಳಗೆ, ನನ್ನ ಕೈ ಮೇಲೆ. ಮೇಷ್ಟ್ರು ಶುರು ಮಾಡಿ ಎಂದು ಸನ್ನೆ ಮಾಡಿದರು.

ಅಕ್ಕ ಶುರು ಮಾಡಲಿಲ್ಲ.

"ಇನ್ನೇನಮ್ಮ?"

"ರಾಗಿ?"

"ಬೀಸಿದ ಹಾಗೆ ಮಾಡಿದರೆ ಸಾಕಲ್ಲ."

"ಬರಿ ಕಲ್ಲ ತಿರುಗಿಸ್ಬಾರ್ದು ಮೇಷ್ಟ್ರೇ. ನಿಮ್ಮವ್ವನ ಕೇಳಿ."

ಜನ ಮತ್ತೆ ನಕ್ಕರು. ಈ ಸಲದ ನಗು ಬೇರೆ. ಅಲ್ಲಿ ಕೂತಿದ್ದ ಹೆಂಗಸರಿಗೆಲ್ಲ ಆ ಮಾತು ಗೊತ್ತಿತ್ತು. ಬೆಳೆಗಳ ಕಡೆ ಮೊದಲ ಬಹುಮಾನ ಬಂದ ರಾಗಿಯನ್ನು ರಾಶಿ ಹಾಕಿದ್ದರು. ಮಾವ ಎದ್ದು ಸೀದಾ ಅಲ್ಲಿಗೆ ಹೋಗಿ ಮೊರ ತುಂಬಿಕೊಂಡರು. ಅಲ್ಲಿದ್ದ ಸಾಹೇಬರೊಬ್ಬರು, "ಏಯ್, ಅದು ಬಹುಮಾನದ್ದು!" ಎಂದು ಕೂಗಿದರು. ರಾಗಿ ಬೆಳೆದ ಗೌಡ ಪಕ್ಕದಲ್ಲೇ ಇದ್ದ. "ಬುಡಿ ಬುದ್ದಿ, ನೋಡಾಕ್ ಬೆಳ್ದಿದ್ನಾ ನಾನು? ಬೀಸ್ಲಿ," ಅಂದ. "ಬೀಸ್ರವ್ವ, ಬೀಸ್ರಿ! ಮೊರ ತುಂಬ ಬೀಸ್ರಿ!"

ಕಲ್ಲು ಹೊಸದು, ಒರಟಾಗಿ ಗರಗರ ಎನ್ನುತ್ತಿತ್ತು. ಅಕ್ಕ ಹಿಡಿ ರಾಗಿ ಹಾಕಿ, ಕಣ್ಣು ಮುಚ್ಚಿ ಕೆಲವು ಸುತ್ತು ಪದವಿಲ್ಲದೆ ತಿರುಗಿಸಿದಳು. ಆಮೇಲೆ ನಮ್ಮ ಮನೆಯ ಕಲ್ಲಿನ ಮುಂದೆ ಎತ್ತುವುದಕ್ಕಿಂತ ತಗ್ಗಿಸಿ, ಆ ಕಲ್ಲಿನ ದನಿಗೇ ಹೊಂದಿಸಿ ಪದ ಎತ್ತಿದಳು. ಕಡೆಯ ಮಾತಿಗೆ ನಾನು ಸೇರಿಕೊಂಡೆ. ಎದುರಿಗಿದ್ದ ಜನ ನನಗೆ ಕಾಣಲಿಲ್ಲ. ಅವಳ ಕೊರಳಿನ ನರವೊಂದೇ ಕಾಣುತ್ತಿತ್ತು, ಉಸಿರು ಎಲ್ಲಿ ಮುಗಿಯುತ್ತದೆ ಎಂದು ನಾನು ಯಾವಾಗಲೂ ನೋಡುತ್ತಿದ್ದದ್ದು ಅದನ್ನೇ. ತವರಿಗೆ ಹೊರಟ ಹೆಣ್ಣಿನ ಪದ ಅದು. ಅಂದು ಅಕ್ಕ ಆ ಹೆಣ್ಣನ್ನು ಶಿಂಷಾ ಹೊಳೆ ದಾಟಿಸಿದಳು, ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟಿದ ಕೊಕ್ಕರೆಗಳ ಹತ್ತಿರ ಅವ್ವನ ಸುದ್ದಿ ಕೇಳಿಸಿದಳು, ಇದ್ದಿಲಿನ ಬಸ್ಸನ್ನೂ ಹತ್ತಿಸಿದಳು. ಬಸ್ಸು ಬಂದ ಕೂಡಲೇ ಜನ ಹೋ ಎಂದರು. ಹೆಣ್ಣು ರೈಲಿನಲ್ಲಿ ಕೂತಾಗ ಕಲ್ಲು ರೈಲಿನ ಹಾಗೆ ಓಡಿತು. ಇದನ್ನೆಲ್ಲ ಅವಳು ನನಗೆ ಮೊದಲೇ ಹೇಳಿರಲಿಲ್ಲ. ಆಗಲೇ ಹುಟ್ಟುತ್ತಿತ್ತು, ಹುಟ್ಟಿದ ಹಾಗೇ ನಾನು ಹಿಡಿದುಕೊಳ್ಳಬೇಕಿತ್ತು.

ಒಬ್ಬೊಬ್ಬರಿಗೆ ಇಷ್ಟು ಹೊತ್ತು ಎಂದು ಗೊತ್ತು ಮಾಡಿದ್ದರು. ವೇದಿಕೆಯ ಮೂಲೆಯಲ್ಲಿದ್ದವರು ಗಂಟೆ ಬಾರಿಸಿದರು. ಮೊರದಲ್ಲಿ ಇನ್ನೂ ರಾಗಿ ಇತ್ತು. ಅಕ್ಕ ನಿಲ್ಲಿಸಲಿಲ್ಲ. ಮತ್ತೆ ಗಂಟೆ. ತಂಬೂರಿಯ ಮುದುಕರು ಕೂತಲ್ಲಿಂದಲೇ ಅವರ ಕಡೆ ತಿರುಗಿ, "ಮಡಗಪ್ಪೋ ಅದ! ರಾಗಿ ಮುಗೀಲಿ," ಅಂದರು. ಗಂಟೆಯವರು ಮಡಗಿದರು. ಕಡೆಯ ಹಿಡಿ ರಾಗಿ ಕಲ್ಲಿನ ಬಾಯಿಗೆ ಬಿತ್ತು, ಹೆಣ್ಣು ತವರಿನ ಬಾಗಿಲಿಗೆ ಬಂದಳು. ಪದ ನಿಂತಿತು. ಜನ ಚಪ್ಪಾಳೆ ಹೊಡೆದರು. ಹೆಂಗಸರು ಅದಕ್ಕೆ ಮೊದಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಸಂಜೆಗೆ ಮೊದಲು ಮರ್ಯಾದೆ ನಡೆಯಿತು. ತಂಬೂರಿಯವರಿಗೆ ಶಾಲು ಹೊದಿಸಿ ಬೆಳ್ಳಿ ಪದಕ ಹಾಕಿದರು. ಮುದುಕರು ಪದಕವನ್ನು ಬಿಚ್ಚಿ ತಂಬೂರಿಯ ಕೊರಳಿಗೆ ಕಟ್ಟಿದರು. ಆಮೇಲೆ ನಮ್ಮನ್ನು ಕರೆದರು. ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ ತಟ್ಟೆ ಹಿಡಿದು ಎದ್ದು ಬಂದರು. ಒಳ್ಳೆಯ ಹೆಣ್ಣುಮಗಳು, ನಗುಮುಖ. ತಟ್ಟೆಯಲ್ಲಿ ಸೀರೆ, ಹೂವು, ಹಸಿರು ಬಳೆ, ಅರಿಶಿನ, ಕುಂಕುಮ. ಹೆಂಗಸರಿಗೆ ಮರ್ಯಾದೆ ಎಂದರೆ ಹೀಗೆಯೇ ಎಂದು ಸಿದ್ಧ ಮಾಡಿದ್ದರು. ಆಕೆ ಸೀದಾ ಅಕ್ಕನ ಹತ್ತಿರ ಬಂದು, ಬೆರಳಿಗೆ ಕುಂಕುಮ ತೆಗೆದುಕೊಂಡು ಕೈ ಎತ್ತಿದರು. ಆಗ ಅವರ ಕಣ್ಣು ಅಕ್ಕನ ಹಣೆಯ ಮೇಲೆ, ಬರಿಯ ಕೈಗಳ ಮೇಲೆ ಬಿತ್ತು. ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಪಾಪ, ಅವರ ಮುಖ ಬೆಳ್ಳಗಾಯಿತು. ಮಾವ ತಲೆ ತಗ್ಗಿಸಿದ್ದನ್ನು ಕಂಡೆ.

ಅಕ್ಕ ಹಿಂದೆ ಸರಿಯಲಿಲ್ಲ. ಆಕೆಯ ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಂಡಳು.

"ಕಲ್ಲಿಗಿಕ್ಕು ತಾಯಿ," ಅಂದಳು. "ಪದ ಯೋಳಿದ್ದು ಅದೇಯ. ನಾವು ತಿರುಗಿಸ್ದೊ ಅಷ್ಟೇಯ."

ಆಕೆ ಕಲ್ಲಿನ ಮುಂದೆ ಮಂಡಿಯೂರಿ ಕೂತರು. ಅರಿಶಿನ ಹಚ್ಚಿ ಕುಂಕುಮ ಇಟ್ಟರು. ಹೂವನ್ನು ಕಲ್ಲಿನ ಸುತ್ತ ಹಾಕಿದರು, ಬಳೆಗಳನ್ನು ಗೂಟಕ್ಕೆ ತೊಡಿಸಿದರು. ಆಮೇಲೆ ಎದ್ದು ಸೀರೆಯನ್ನು ಅಕ್ಕನ ಕೈಗೆ ಕೊಟ್ಟು, ಇಷ್ಟು ಜನದ ಎದುರಿಗೆ, ಅವಳ ಕಾಲು ಮುಟ್ಟಿದರು. "ಅಯ್ಯೋ, ಬ್ಯಾಡ ಕಣವ್ವ, ನೀನು ದೊಡ್ಡ ಮನೆಯೋಳು," ಎಂದು ಅಕ್ಕ ಅವರನ್ನು ಎತ್ತಿದಳು. ಅಷ್ಟರಲ್ಲಿ ಬಯಲೆಲ್ಲ ಎದ್ದು ನಿಂತಿತ್ತು.

ಊರಿಗೆ ಬಂದ ಮೇಲೆ ಎಲ್ಲರೂ ಹೊಗಳಿದರು ಎಂದು ಬರೆದರೆ ಸುಳ್ಳಾಗುತ್ತದೆ. ಬಾವಿಯ ಹತ್ತಿರ ಕೆಲವರು, "ಓಹೋ, ಮಂಡ್ಯದ ಗೌಡಿತಿ ಬಂದ್ಲು, ದಾರಿ ಬುಡ್ರಮ್ಮಿ," ಎನ್ನುತ್ತಿದ್ದರು. ಅಕ್ಕ, "ಮೊದ್ಲು ಬಿಂದಿಗೆ ತುಂಬ್ಕೊಳಾಕ್ ಬುಟ್ರೆ ಆಮ್ಯಾಕೆ ದಾರಿ ಬುಡೀರಂತೆ," ಎಂದು ನಗುತ್ತಿದ್ದಳು. ಆದರೆ ಮಗಳ ಮದುವೆಯಲ್ಲಿ ಅವಳು ಹಾಡಲಿ ಎಂದು ಯಾರೂ ಹೇಳಲಿಲ್ಲ. ಹಸೆಯ ಶಾಸ್ತ್ರ ಹಸೆಯ ಶಾಸ್ತ್ರವೇ. ಸೋಬಾನೆಗೆ ಊರಿನ ಬೇರೆ ಮುತ್ತೈದೆಯರಿಗೆ ಹೇಳಿದ್ದಾಯಿತು. ಅಕ್ಕನೇ ಹೋಗಿ ವೀಳ್ಯ ಕೊಟ್ಟು ಹೇಳಿಬಂದಳು. ಅಂದು ಬೆಳಿಗ್ಗೆ ಮತ್ತೆ ಕಲ್ಲಿನ ಮುಂದೆ ಪದವಿರಲಿಲ್ಲ.

ಮದುವೆಯ ದಿನ ಚಪ್ಪರದ ಕೆಳಗೆ ಹಸೆ ಬರೆದರು. ಮಗಳನ್ನು ಕರೆತಂದು ಕೂರಿಸಿದರು. ಅಕ್ಕ ಹಿಂದೆ ಒಲೆಗಳ ಹತ್ತಿರ ಇದ್ದಳು. ನಮ್ಮ ಕಡೆಯ ಹೆಂಗಸರು ಎತ್ತಿಕೊಳ್ಳಲು ಗಂಟಲು ಸರಿಮಾಡಿಕೊಂಡಾಗ ಬೀಗಿತ್ತಿ ಕೈ ಅಡ್ಡ ಹಿಡಿದಳು. ಬೀಗಿತ್ತಿ ಎಂದರೆ ಗಂಡಿನ ತಾಯಿ, ದಪ್ಪ ಹೆಂಗಸು, ದೊಡ್ಡ ಬಾಯಿ.

"ತಡೀರ್ರವ್ವ. ಮಂಡ್ಯದಲ್ಲಿ ಕಲ್ಲಿಗೆ ಕುಂಕುಮ ಇಕ್ಸಿದೋಳು ಎಲ್ಲವ್ಳೆ?"

ಎಲ್ಲರೂ ಒಲೆಗಳ ಕಡೆ ತಿರುಗಿದರು.

"ನಾನು ಅವತ್ತು ಮುಂದ್ಗಡೇಲೆ ಕುಂತಿದ್ದೆ. ವೀಳ್ಯಕ್ಕೆ ನಮ್ಮ ಗಂಡಸ್ರೇ ಬಂದಿದ್ರು, ಅವ್ಳು ನಮ್ ಬೀಗಿತ್ತಿ ಅಂತ ನಂಗೆ ಗೊತ್ತಿರ್ನಿಲ್ಲ. ಬರಿ ಅಣೆ ಅಂತ ಮೊದ್ಲು ಮಾತ್ ತೆಗ್ದೋಳು ನಾನೇಯ. ಆಮ್ಯಾಕೆ ಅತ್ತೋಳೂ ನಾನೇಯ. ಅವ್ಳ ಪದ ಕೇಳ್ದೆ ನಮ್ಮೋರು ಒಬ್ರೂ ಬಾಯಿ ಬುಡಾಕಿಲ್ಲ. ಎಲ್ಲವ್ಳೆ ಕರೀರಿ!"

ನಮ್ಮ ಕಡೆಯ ಹಿರಿಯಳೊಬ್ಬಳು, "ಅಸೆ ಮುಂದೆ ಎಂಗವ್ವಾ?" ಎಂದಳು.

"ಅಸೆ ಮುಂದೆ ಯಾರು ಅಂದ್ರು? ಕಲ್ಲ ಮುಂದೆ ಕುಂತ್ಕೊಳ್ಳಿ. ಕಲ್ಲು ಎಲ್ಲಿರ್ಬೇಕು ಅಂತ ಸಾಸ್ತ್ರ ಏನಾರ ಐತಾ?"

ಜನ ಮಾವನ ಮುಖ ನೋಡಿದರು. ಮಾವ ಎದ್ದು ಪಂಚೆ ಎತ್ತಿ ಕಟ್ಟಿದರು. "ಇಡ್ಕೊಳ್ರೋ ಕಲ್ಲ," ಅಂದರು. ಹಿತ್ತಿಲ ಕೋಣೆಯಿಂದ ರಾಗಿಕಲ್ಲು ಚಪ್ಪರಕ್ಕೆ ಬಂತು. ಹಸೆಯಿಂದ ಮಾರು ದೂರದಲ್ಲಿ ಇಟ್ಟರು. ಬೀಗಿತ್ತಿಯೇ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟಳು, ಹೂವು ಮುಡಿಸಿದಳು, ಮೊರ ತುಂಬ ರಾಗಿ ತಂದಳು. ಅಕ್ಕ ಬಂದಳು. ಒಲೆಯ ಮಸಿ ಮೂಗಿನ ಮೇಲೆ ಹಾಗೇ ಇತ್ತು. ಮಗಳ ಕಡೆ ನೋಡಲಿಲ್ಲ. ಕಲ್ಲಿನ ಮುಂದೆ ಕೂತು ನನಗಾಗಿ ಕಾದಳು.

ಅವಳು ಹಾಡಿದ್ದು ಕಲ್ಲಿಗೆ. ನೋಡಿದ್ದೂ ಕಲ್ಲನ್ನೇ. ಪದದಲ್ಲಿ ಅಂದು ತವರಿಗೆ ಬರುವ ಹೆಣ್ಣು ಇರಲಿಲ್ಲ, ತವರಿನಿಂದ ಹೊರಡುವ ಹೆಣ್ಣು ಇದ್ದಳು. ಹಸೆಯ ಮೇಲೆ ಮಗಳು ಬಿಕ್ಕುತ್ತಿದ್ದಳು. ಎರಡು ಕಡೆಯ ಹೆಂಗಸರೂ ನನ್ನ ಜೊತೆ ಸೊಲ್ಲಿಗೆ ಸೇರಿದರು. ಅಷ್ಟು ದನಿ ಸೇರಿದರೂ ಅಕ್ಕನ ದನಿ ಮೇಲೆಯೇ ಇತ್ತು. ರಾಗಿ ಮುಗಿಯಿತು. ಬೀಗಿತ್ತಿ ಏನೂ ಹೇಳದೆ ಇನ್ನೊಂದು ಮೊರ ತಂದಿಟ್ಟಳು.

ಆಮೇಲಿನ ವರ್ಷಗಳಲ್ಲಿ ನಮ್ಮ ಕಡೆ ಅದೇ ರೂಢಿಯಾಯಿತು. ಅಕ್ಕನನ್ನು ಕರೆಯುವವರು ಚಪ್ಪರದಲ್ಲಿ ಹಸೆಯ ಪಕ್ಕಕ್ಕೆ ಒಂದು ಕಲ್ಲು ತಂದಿಡುತ್ತಿದ್ದರು. ಗಾಡಿಗಳು ಮತ್ತೆ ಬಂದವು. ಸ್ವಾತಂತ್ರ್ಯ ಬಂದ ವರ್ಷ ಶಾಲೆಯ ಮುಂದೆ ಬಾವುಟ ಏರಿಸಿದಾಗಲೂ ಮೇಷ್ಟ್ರು ಅವಳನ್ನು ಕರೆಸಿದ್ದರು, ಅಲ್ಲಿಗೂ ಕಲ್ಲು ಹೋಯಿತು. ಹಿಟ್ಟಿನ ಮಿಷನ್ನು ಬಂದ ಮೇಲೆ ರಾಗಿಗೆ ಕಲ್ಲು ಬೇಕಾಗಲಿಲ್ಲ. ಪದಕ್ಕೆ ಮಾತ್ರ ಬೇಕಾಗಿತ್ತು. ತೀರಾ ಕೈಲಾಗದವರೆಗೂ ಬೆಳಿಗ್ಗೆ ಒಂದು ಹಿಡಿಯಾದರೂ ಹಾಕಿಕೊಂಡು ಕೂರುತ್ತಿದ್ದಳು. ಮಂಡ್ಯದ ಸೀರೆಯನ್ನು ಅವಳು ಉಡಲಿಲ್ಲ. ಮಗಳ ಮಡಿಲಿಗೆ ಕೊಟ್ಟಿದ್ದಳು.

ಇಷ್ಟು ಬರೆದು ಇಟ್ಟಿದ್ದೆ. ನಿನ್ನೆ ಅವಳ ಮಗಳು ಬಂದಳು. ಅವಳಿಗೂ ಈಗ ತಲೆ ನೆರೆತಿದೆ. ಕೈಕಾಲು ತೊಳೆದು ಒಳಗೆ ಬಂದವಳೇ ಗೋಣಿಚೀಲ ಎಳೆದು ಮೂಲೆಗೆ ಹಾಕಿದಳು. ಕಲ್ಲನ್ನು ಒರೆಸಿದಳು. ಮೊರದಲ್ಲಿ ರಾಗಿ ತಂದಳು.

"ಕುಂತ್ಕೊ ಚಿಕ್ಕವ್ವ."

"ಬ್ಯಾಡ ಕಣಮ್ಮಿ. ಎತ್ತೋರು ಯಾರವ್ರೆ?"

"ನೀನೇಯ. ಸೊಲ್ಲು ನಾ ಕೊಡ್ತೀನಿ."

"ನಾನು ಯಾವತ್ತೂ ಎತ್ತಿಲ್ಲ."

"ನಂಗೊತ್ತು. ಕುಂತ್ಕೊ."

ಗೂಟದ ಮೇಲೆ ಕೈ ಇಟ್ಟೆ. ಅಭ್ಯಾಸದಂತೆ ಮೇಲೆ ಇಟ್ಟಿದ್ದೆ. ಅವಳು ಅದನ್ನು ಕೆಳಗೆ ಸರಿಸಿ ತನ್ನ ಕೈಯನ್ನು ಮೇಲೆ ಇಟ್ಟಳು. ಹಿಡಿ ರಾಗಿ ಹಾಕಿದೆ. ಕಲ್ಲು ತಿರುಗಿತು. ಆ ಸಾಲುಗಳ ಮೊದಲ ಅರ್ಧವನ್ನು ಜೀವಮಾನವೆಲ್ಲ ಕೇಳಿದ್ದೇನೆ, ಒಂದು ದಿನವೂ ನನ್ನ ಬಾಯಲ್ಲಿ ಹಿಡಿದಿರಲಿಲ್ಲ. ಎದುರಿಗೆ ಅಕ್ಕನ ಕೊರಳು ಹುಡುಕಿದೆ. ಅಲ್ಲಿ ಅವಳ ಮಗಳ ಕೊರಳಿತ್ತು, ನನ್ನ ಉಸಿರನ್ನೇ ಕಾಯುತ್ತಿತ್ತು. ಎತ್ತಿದೆ. ದನಿ ನಡುಗಿತು, ಶ್ರುತಿ ಸರಿ ಇರಲಿಲ್ಲ, ಸಾಲಿನ ಕೊನೆಗೆ ಬರುವ ಮೊದಲೇ ಉಸಿರು ಮುಗಿಯಿತು. ಮುಗಿದ ಕಡೆಯಿಂದ ಅವಳು ತೆಗೆದುಕೊಂಡಳು.

ನಿಲ್ಲಿಸೋಣ ಅನಿಸಿತು. ಮೊರದಲ್ಲಿ ಇನ್ನೂ ರಾಗಿ ಇತ್ತು.